ಚಿಕ್ಕಪ್ಪನ ನಾನೂರ ಮೂರು ಬೆಡ್‌ಶೀಟು

ನನ್ನ ಚಿಕ್ಕಪ್ಪ ಮೂವತ್ನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಯ ಬಟ್ಟೆ ಒಗೆದರು. ಒಗೆದರು ಅಂದರೆ, ಕೊನೆಯ ಹದಿನೈದು ವರ್ಷ ಮಷೀನು ಒಗೆಯಿತು, ಇವರು ಮಷೀನನ್ನು ಬೈದರು. ಅದು ಬಂದ ದಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾಗಿಲು ತೆಗೆದು ಮೂಸಿ ನೋಡಿ, "ಇದಕ್ಕೆ ಹೊಟ್ಟೆ ಇದೆ, ಕಣ್ಣಿಲ್ಲ" ಅಂದಿದ್ದರು. ಕಲೆ ಎಲ್ಲಿದೆ ಅಂತ ನೋಡದೆ ಒಗೆಯುವುದು ಅವರ ಪ್ರಕಾರ ಒಗೆತವೇ ಅಲ್ಲ. ಆಸ್ಪತ್ರೆಯಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು "ಮೂಲೆಗ್ ಮೂಲೆ" ಅಂತ. ಬೆಡ್‌ಶೀಟು ಮಡಚುವಾಗ ಎದುರಿನವರು ಒಂದು ಬೆರಳಿನಷ್ಟು ತಪ್ಪಿದರೂ ಈ ಮಾತು ಹೇಳಿ ಮತ್ತೆ ಬಿಚ್ಚಿಸುತ್ತಿದ್ದರು. ದೊಡ್ಡ ಡಾಕ್ಟರಿಗೂ ಒಮ್ಮೆ ಹಾಗೆ ಹೇಳಿ ಬಿಚ್ಚಿಸಿದರಂತೆ. ನಾನು ನೋಡಿಲ್ಲ, ಆದರೆ ನಂಬುತ್ತೇನೆ.

ಅಪ್ಪ ಅಮ್ಮ ಇಬ್ಬರೂ ನನಗೆ ನಾಲ್ಕು ತುಂಬುವ ಮೊದಲೇ ಹೋದರು. ಅಪ್ಪನ ತಮ್ಮನಾದ ಇವರು ನನ್ನನ್ನು ಎತ್ತಿಕೊಂಡು ಬಂದು ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಸಾಕಿದರು. ಮದುವೆಯಾಗಲಿಲ್ಲ. ಯಾಕೆ ಅಂತ ನರ್ಸಮ್ಮಂದಿರು ರೇಗಿಸಿದರೆ, "ಮುನ್ನೂರು ಹಾಸಿಗೆಯ ಸಂಸಾರ ಇದೆಯಲ್ಲ, ಇನ್ನೊಂದು ಯಾಕೆ" ಅನ್ನುತ್ತಿದ್ದರು. ನಮಗೆ ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಕಿಟಕಿ ತೆಗೆದರೆ ಒಗೆಯುವ ಅಂಗಳ. ಹಬೆ, ಸೋಡಾ, ಬ್ಲೀಚಿಂಗ್ ಪುಡಿಯ ವಾಸನೆ ನಮ್ಮ ಅನ್ನಕ್ಕೂ ಹತ್ತಿರುತ್ತಿತ್ತು. ಈಗಲೂ ಯಾವುದಾದರೂ ಆಸ್ಪತ್ರೆಯ ಹಿತ್ತಲ ಕಡೆಯಿಂದ ಆ ವಾಸನೆ ಬಂದರೆ ನನ್ನ ಕಾಲು ತಾನೇ ನಿಲ್ಲುತ್ತದೆ, ಹಸಿವೂ ಆಗುತ್ತದೆ. ಹೇಳಿದರೆ ಜನ ನಗುತ್ತಾರೆ.

ಆ ಅಂಗಳದಲ್ಲಿ ಹನ್ನೆರಡು ಸಾಲು ತಂತಿ ಇತ್ತು. ಬಿಸಿಲಿನ ದಿನ ಹನ್ನೆರಡೂ ಸಾಲು ಬಿಳಿ ಬೆಡ್‌ಶೀಟು. ಅವುಗಳ ನಡುವೆ ಓಡುವುದೇ ನನ್ನ ಬಾಲ್ಯ. ಒದ್ದೆ ಬಟ್ಟೆ ಮುಖಕ್ಕೆ ತಾಗಿದರೆ ತಣ್ಣಗೆ, ಕೈ ತಾಗಿದರೆ ಬೆನ್ನ ಮೇಲೆ ಏಟು. ಪ್ರತಿ ಬೆಡ್‌ಶೀಟಿನ ಮೂಲೆಯಲ್ಲಿ ಕಪ್ಪು ಇಂಕಿನಿಂದ ವಾರ್ಡಿನ ಅಕ್ಷರ, ಕೆಳಗೆ ನಂಬರು. ನಾನು ಅಂಕಿ ಕಲಿತದ್ದು ಸ್ಲೇಟಿನ ಮೇಲಲ್ಲ, ಆ ಮೂಲೆಗಳ ಮೇಲೆ. ಸಂಜೆ ಇಬ್ಬರೂ ಎದುರು ಬದುರು ನಿಂತು ಎರಡೆರಡು ಮೂಲೆ ಹಿಡಿದು ಮಡಚುತ್ತಿದ್ದೆವು. ನಾನು ನಂಬರು ಓದಬೇಕು, ಅವರು ಪುಸ್ತಕದಲ್ಲಿ ಗೀಟು ಹಾಕಬೇಕು. ಬೆಳಿಗ್ಗೆ ಹೋದದ್ದೆಷ್ಟು, ಸಂಜೆ ಬಂದದ್ದೆಷ್ಟು, ಎರಡೂ ತಾಳೆಯಾದರೆ ಮಾತ್ರ ಊಟ.

ಕೆಲವು ದಿನ ಒಂದೋ ಎರಡೋ ಬರುತ್ತಿರಲಿಲ್ಲ. ಅದರ ಬದಲು ವಾರ್ಡಿನಿಂದ ಒಂದು ಚೀಟಿ ಬರುತ್ತಿತ್ತು, ಅದರ ಮೇಲೆ ಬೆಡ್‌ಶೀಟಿನ ನಂಬರು, ಸಿಸ್ಟರ್ ಸಹಿ. ಚಿಕ್ಕಪ್ಪ ಅದನ್ನು ಗೋಡೆಯ ಕೊಕ್ಕೆಗೆ ಚುಚ್ಚುತ್ತಿದ್ದರು. ತಿಂಗಳ ಕೊನೆಗೆ ಸ್ಟೋರ್ ಕೀಪರ್ ಚೀಟಿಗಳನ್ನು ಎಣಿಸಿ ಅಷ್ಟು ಬೆಡ್‌ಶೀಟನ್ನು ದಾಸ್ತಾನಿನಿಂದ ತೆಗೆಯುತ್ತಿದ್ದರು. ಎಲ್ಲಿ ಹೋಯಿತು ಅಂತ ಚಿಕ್ಕವಳಿದ್ದಾಗ ಕೇಳಿದ್ದೆ.

"ಒಬ್ಬರ ಜೊತೆ ಹೋಗಿದೆ ಕಣೇ."

"ವಾಪಸ್ ಕೊಡಲ್ವಾ ಅವರು?"

"ಇಲ್ಲ. ಅವರಿಗೆ ಅಂತ ಕೊಟ್ಟಿದ್ದು."

ದೊಡ್ಡವಳಾದ ಮೇಲೆ ತಿಳಿಯಿತು. ವಾರ್ಡಿನ ಆಯಾ ಬಾಗಿಲಿಗೆ ಬಂದು "ಒಂದು ಒಳ್ಳೇದು ಕೊಡಿ" ಅಂದರೆ ಚಿಕ್ಕಪ್ಪ ಮರುಪ್ರಶ್ನೆ ಕೇಳದೆ ತೇಪೆ ಹಾಕದ, ಕಲೆಯಿಲ್ಲದ ಒಂದನ್ನು ಆರಿಸಿ, ಇನ್ನೊಮ್ಮೆ ಕೊಡವಿ, ಮಡಚಿ ಕೊಡುತ್ತಿದ್ದರು. ಬದುಕಿದ್ದವರಿಗೆ ತೇಪೆಯದು ನಡೆಯುತ್ತದೆ, ಹೋಗುವವರಿಗೆ ಆಗದು ಅನ್ನುವುದು ಅವರ ಕಾನೂನು. ಆ ಕಾನೂನು ಯಾವ ಸರ್ಕಾರಿ ಪುಸ್ತಕದಲ್ಲೂ ಇರಲಿಲ್ಲ.

ಇನ್ನು ನನ್ನ ಕೆಲಸದ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ನಾನು ಸರ್ಕಾರಿ ಕಚೇರಿಯ ಜಗುಲಿಯಲ್ಲಿ ಮೇಜು ಹಾಕಿಕೊಂಡು ಅರ್ಜಿ ಬರೆಯುತ್ತೇನೆ. ಇಪ್ಪತ್ತೆರಡು ವರ್ಷವಾಯಿತು. ನನಗೆ ಕೋಪ ಮೂಗಿನ ತುದಿಯಲ್ಲಿ ಅನ್ನುತ್ತಾರೆ, ಅದು ಸುಳ್ಳು, ನಾಲಿಗೆಯ ತುದಿಯಲ್ಲಿದೆ. ಗುಮಾಸ್ತರು ನನ್ನನ್ನು ಕಂಡರೆ ಫೈಲಿನಲ್ಲಿ ತಲೆ ಹುದುಗಿಸುತ್ತಾರೆ. ಆದರೆ ನನ್ನ ಕೈಯ ಕಾಗದ ಹಿಂದೆ ಬರುವುದಿಲ್ಲ. ಯಾವ ಪದ ಬರೆದರೆ ಫೈಲು ಓಡುತ್ತದೆ, ಯಾವುದು ಬರೆದರೆ ಮುಚ್ಚುತ್ತದೆ, ಎರಡೂ ನನಗೆ ಗೊತ್ತು. ಇನ್ನೊಂದು ನೇಮವಿದೆ: ಬರೆದದ್ದನ್ನು ಪೂರ್ತಿ ಓದಿ ಹೇಳದೆ ಯಾರ ಸಹಿಯನ್ನೂ ಹಾಕಿಸುವುದಿಲ್ಲ. ಓದು ಬಾರದವರ ಹೆಬ್ಬೆರಳನ್ನು ಸುಮ್ಮನೆ ಒತ್ತಿಸಿಕೊಳ್ಳುವವರನ್ನು ಜಗುಲಿಯಲ್ಲೇ ಬೈದು ಎಬ್ಬಿಸಿದ್ದೇನೆ.

ಆಮೇಲೆ ಆ ರೋಗ ಬಂತು. ಆ ಎರಡೂವರೆ ತಿಂಗಳನ್ನು ನೆನೆದರೆ ನನಗೆ ಮೊದಲು ಕಾಣುವುದು ಅಂಗಳದ ತಂತಿಗಳು. ಹನ್ನೆರಡು ಸಾಲಲ್ಲಿ ನಾಲ್ಕು ಖಾಲಿ, ಆಮೇಲೆ ಆರು ಖಾಲಿ. ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿಲ್ಲ, ಅಂಗಳದಲ್ಲಿ ಬಟ್ಟೆಯಿಲ್ಲ. ಚಿಕ್ಕಪ್ಪ ಪ್ಲಾಸ್ಟಿಕ್ ಕೋಟು ಹಾಕಿಕೊಂಡು ಬೆವರಿನಲ್ಲಿ ಬೆಂದು ಬರುತ್ತಿದ್ದರು. ಹೊರಗೇ ಸ್ನಾನ ಮಾಡಿ, ನಾನು ಹೊಸ್ತಿಲಲ್ಲಿ ಇಟ್ಟ ತಟ್ಟೆ ತೆಗೆದುಕೊಂಡು, ಆರಡಿ ದೂರ ಕೂತು ಉಣ್ಣುತ್ತಿದ್ದರು.

"ಇವತ್ತು ಹದಿನಾಲ್ಕು ಬರಲಿಲ್ಲ," ಅನ್ನುತ್ತಿದ್ದರು.

"ಚೀಟಿ?"

"ಚೀಟಿ ಬರೀಬೇಡಿ ಅಂತ ಹೇಳಿದಾರಂತೆ ಸಿಸ್ಟರ್‌ಗಳಿಗೆ. ಬಾಯಿ ಮಾತಲ್ಲಿ."

ಯಾರು ಹೇಳಿದರು ಅಂದರೆ "ಮೇಲಿನಿಂದ" ಅನ್ನುತ್ತಿದ್ದರು. ಮೇಲಿನಿಂದ ಅನ್ನುವವರನ್ನು ಯಾರೂ ಕಂಡಿರುವುದಿಲ್ಲ, ಮಳೆಯೂ ಅಲ್ಲಿಂದಲೇ ಬರುತ್ತದೆ, ಆದೇಶವೂ ಅಲ್ಲಿಂದಲೇ. ದಿನಾ ಸಂಜೆ ನಮ್ಮ ಆಸ್ಪತ್ರೆಯ ಸಾವಿನ ಸಂಖ್ಯೆ ಸರ್ಕಾರದ ಪ್ರಕಟಣೆಯಲ್ಲಿ ಬರುತ್ತಿತ್ತು: ಎರಡು, ಮೂರು, ಒಂದು. ಚಿಕ್ಕಪ್ಪ ರೇಡಿಯೊ ಕಡೆ ನೋಡುತ್ತಿದ್ದರು, ನಾನು ಚಿಕ್ಕಪ್ಪನ ಕಡೆ. ಎಲ್ಲ ಮುಗಿದಾಗ ಪ್ರಕಟಣೆಯ ಪ್ರಕಾರ ನಮ್ಮ ಆಸ್ಪತ್ರೆಯಲ್ಲಿ ಆ ರೋಗದಿಂದ ಸತ್ತವರು ನೂರ ಹನ್ನೆರಡು.

ಹಾಗೆ ಲೆಕ್ಕದಿಂದ ಹೊರಗೆ ಉಳಿದವರಲ್ಲಿ ನಮ್ಮ ದರ್ಜಿಯಮ್ಮನ ಗಂಡನೂ ಒಬ್ಬರು. ದರ್ಜಿಯಮ್ಮ ಆಸ್ಪತ್ರೆಯ ಹರಿದ ಬಟ್ಟೆಗೆ ತೇಪೆ ಹಾಕುವವಳು. ಹಿಂದಿನ ಬೀದಿಯಲ್ಲಿ ಒಂದು ಕೋಣೆ, ಒಂದು ಮಷೀನು. ಗಂಡ ವ್ಯಾನ್ ಓಡಿಸುತ್ತಿದ್ದರು, ಉಸಿರು ಸಿಕ್ಕದೆ ಸೇರಿದವರು ಆರನೆಯ ದಿನ ಹೋದರು. ಪ್ರಮಾಣಪತ್ರದಲ್ಲಿ "ಹೃದಯಾಘಾತ" ಅಂತ ಬರೆದು ಕೊಟ್ಟರು. "ನಮ್ಮವರ ಎದೆ ಗಟ್ಟಿಯಾಗಿತ್ತು ಅಕ್ಕ. ಉಸಿರಿಗೆ ಕೊಡೋಕೆ ಆಸ್ಪತ್ರೆಯವರ ಹತ್ರ ಏನೂ ಇರಲಿಲ್ಲ, ಅದನ್ನ ಬರೀಲಿ," ಅಂತ ನನ್ನ ಮೇಜಿನ ಮುಂದೆ ಕೂತಳು. ನಾನು ಅವಳಿಗೆ ಅರ್ಜಿ ಬರೆದೆ. ಒಂದಲ್ಲ, ಒಂಬತ್ತು. ದುಡ್ಡು ತೆಗೆದುಕೊಳ್ಳಲಿಲ್ಲ ಅಂತ ಆಗ ನನಗೆ ಒಳಗೊಳಗೇ ಹೆಮ್ಮೆ.

ವರ್ಷ ಕಳೆಯಿತು. ಚಿಕ್ಕಪ್ಪನ ನಿವೃತ್ತಿಗೆ ಐದು ತಿಂಗಳಿತ್ತು. ಮೇಲಿನ ಕಚೇರಿಯಿಂದ ದಾಸ್ತಾನು ತನಿಖೆಗೆ ಇಬ್ಬರು ಬಂದರು. ಅವರಿಗೆ ರೋಗ ಗೊತ್ತಿಲ್ಲ, ವಾರ್ಡು ಗೊತ್ತಿಲ್ಲ, ಬೆಡ್‌ಶೀಟು ಮಾತ್ರ ಗೊತ್ತು. ಮೂರು ದಿನ ಎಣಿಸಿದರು. ನಾಲ್ಕನೆಯ ದಿನ ಚಿಕ್ಕಪ್ಪನ ಕೈಗೆ ನೋಟೀಸು: ನಾನೂರ ಮೂರು ಬೆಡ್‌ಶೀಟು ಕಾಣೆಯಾಗಿವೆ, ಚೀಟಿಗಳಿಲ್ಲ, ಏಳು ದಿನದೊಳಗೆ ವಿವರಣೆ ಕೊಡದಿದ್ದರೆ ಶಿಸ್ತುಕ್ರಮ. ಮನುಷ್ಯರು ಎಲ್ಲಿ ಹೋದರು ಅಂತ ಒಂದು ದಿನವೂ ಕೇಳದ ಸರ್ಕಾರ, ಅವರು ಹೊದ್ದುಕೊಂಡು ಹೋದ ಬಟ್ಟೆ ಎಲ್ಲಿ ಅಂತ ಮೊಹರು ಹಾಕಿ ಕೇಳಿತು. ಓದಿ ನಾನು ಆ ಇಬ್ಬರನ್ನೂ ಬಾಯಿಗೆ ಬಂದ ಹಾಗೆ ಬೈದೆ. ಚಿಕ್ಕಪ್ಪನಿಗೆ ಮಾತ್ರ ಕೋಪ ಬರಲಿಲ್ಲ. ಕಾಗದವನ್ನು ಎರಡು ಸಲ ಮಡಚಿ ಜೇಬಿಗೆ ಹಾಕಿಕೊಂಡು, "ಪರವಾಗಿಲ್ಲ, ಕೊನೆಗೂ ಯಾರೋ ಕೇಳಿದರಲ್ಲ," ಅಂದರು.

ಮಾರನೆಯ ಸಂಜೆ ಸ್ಟೋರ್ ಕೀಪರ್ ಮನೆಗೇ ಬಂದರು. ಕೆಟ್ಟವರಲ್ಲ. ಇಪ್ಪತ್ತು ವರ್ಷ ಜೊತೆಗಿದ್ದವರು, ನಮ್ಮ ಮನೆಯಲ್ಲಿ ಚಹಾ ಕುಡಿಯದೆ ಹೋದವರಲ್ಲ. ಆ ದಿನ ಲೋಟ ಕೈಯಲ್ಲೇ ಆರಿತು.

"ನೋಡಿ, ಹರಿದು ಹೋಗಿದ್ವು, ಸೋಂಕು ಅಂತ ಸುಟ್ಟುಬಿಟ್ವಿ ಅಂತ ಬರೆದುಬಿಡಿ. ನಾನೂ ಸಹಿ ಹಾಕ್ತೀನಿ. ಅಲ್ಲಿಗೆ ಮುಗೀತು."

"ಸುಟ್ಟಿದ್ದು ಹನ್ನೊಂದು ಸಾರ್. ಕಡ್ಡಿ ಗೀರಿದ್ದು ನಾನೇ."

"ಹನ್ನೊಂದೋ ನಾನೂರೋ, ಬೂದಿ ಎಣಿಸೋಕೆ ಯಾರು ಬರ್ತಾರೆ? ನಿಮಗೆ ಐದು ತಿಂಗಳಿದೆ. ಕೆಲಸದಿಂದ ತೆಗೆದರೆ ಪಿಂಚಣಿ ಇಲ್ಲ, ಈ ಮನೆನೂ ಇಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಾವು ಇಲಿಗಳು."

ಚಿಕ್ಕಪ್ಪ ಅವರನ್ನು ಗೇಟಿನವರೆಗೂ ಬಿಟ್ಟು ಬಂದು, ಅಡುಗೆಮನೆಯ ಮೇಜಿನ ಮುಂದೆ ಕೂತರು. "ಬರಿ ಪುಟ್ಟಿ, ನಾನು ಹೇಳ್ತೀನಿ" ಅಂದರು. ಅವರು ಹೇಳಿದ್ದು, ನಾನು ಬರೆದುಕೊಂಡದ್ದು ಇಷ್ಟು:

"ನಾನೂರ ಮೂರರಲ್ಲಿ ಹನ್ನೊಂದು ಸುಟ್ಟಿದ್ದೇವೆ. ಉಳಿದ ಮುನ್ನೂರ ತೊಂಬತ್ತೆರಡು ಹೆಣಗಳ ಜೊತೆ ಹೋಗಿವೆ. ಒಂದು ಹೆಣಕ್ಕೆ ಒಂದು. ಯಾವುದೂ ಕಳುವಾಗಿಲ್ಲ. ಚೀಟಿ ಬರೆಯಬೇಡಿ ಅಂತ ಬಾಯಿ ಮಾತಿನಲ್ಲಿ ಹೇಳಿದ್ದರಿಂದ ಚೀಟಿಗಳಿಲ್ಲ. ಬೆಡ್‌ಶೀಟು ಎಲ್ಲಿ ಅಂತ ಕೇಳಿದವರು ಅದನ್ನು ಹೊದ್ದವರು ಯಾರು ಅಂತಲೂ ಕೇಳಬೇಕಾಗಿ ಪ್ರಾರ್ಥನೆ."

ನಾನು ಪೆನ್ನು ಕೆಳಗಿಟ್ಟೆ. ಈ ಕಾಗದ ಹೋದರೆ ಏನಾಗುತ್ತದೆ ಅಂತ ಆ ಮನೆಯಲ್ಲಿ ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ಇದು ಫೈಲು ಓಡಿಸುವ ಕಾಗದ. ನೂರ ಹನ್ನೆರಡು ಅಂತ ಊರಿಗೆಲ್ಲ ಹೇಳಿದವರು ಇದನ್ನು ಓದಿದ ಮೇಲೆ ಮೊದಲು ಮಾಡುವ ಕೆಲಸ, ಬರೆದವನನ್ನು ಕಳ್ಳ ಅನ್ನುವುದು. ಅರವತ್ತರ ಹತ್ತಿರದ ಮನುಷ್ಯ ಪೆಟ್ಟಿಗೆ ಹೊತ್ತು ಕ್ವಾರ್ಟರ್ಸಿನಿಂದ ಇಳಿಯುವುದು ನನ್ನ ಕಣ್ಣಿಗೆ ಕಟ್ಟಿತು. "ಬೇಡ ಚಿಕ್ಕಪ್ಪ, ಸ್ಟೋರಿನವರು ಹೇಳಿದ ಹಾಗೆ ಬರೆಯೋಣ" ಅಂದೆ. ಬೈದೆ ಕೂಡ. ನೀವು ಸತ್ಯವಂತರಾದರೆ ನನಗೆ ಸೂರು ಯಾರು ಕೊಡುತ್ತಾರೆ ಅಂತ ಕೇಳಿದೆ. ಆ ಮಾತು ಆಡಬಾರದಿತ್ತು, ಆಡಿದೆ. ಅವರು ನೀರು ಕುಡಿದು, "ಚೆನ್ನಾಗಿರೋ ಅಕ್ಷರದಲ್ಲಿ ಬರಿ" ಅಂದರಷ್ಟೇ.

ಚೆನ್ನಾಗಿರುವ ಅಕ್ಷರದಲ್ಲೇ ಬರೆದೆ. "ಸದರಿ ನಾನೂರ ಮೂರು ಬೆಡ್‌ಶೀಟುಗಳು ಹರಿದು ಬಳಕೆಗೆ ಬಾರದ ಕಾರಣ, ಸೋಂಕು ಹರಡದಂತೆ ಸುಟ್ಟುಹಾಕಲಾಗಿದೆ." ಎರಡು ಸಾಲು, ಫೈಲು ಮುಚ್ಚುವ ಎರಡು ಸಾಲು. ಕೆಳಗೆ ನೋಟೀಸಿನ ನಂಬರು, ತಾರೀಖು, ಸಹಿಗೆ ಜಾಗ. ಚಿಕ್ಕಪ್ಪನಿಗೆ ಕನ್ನಡಕ ಇದ್ದರೂ ಓದುವುದೆಂದರೆ ಒಂದೊಂದೇ ಅಕ್ಷರ ಕೂಡಿಸಬೇಕು. "ಓದಿ ಹೇಳು" ಅಂದರು. ನಾನು ಕಾಗದ ಎತ್ತಿ ಹಿಡಿದುಕೊಂಡು ಓದಿದೆ. ಕಾಗದದಲ್ಲಿದ್ದದ್ದನ್ನಲ್ಲ. ಅವರು ಹೇಳಿದ್ದನ್ನು, ಒಂದಕ್ಷರ ಬಿಡದೆ, ಸುಟ್ಟ ಹನ್ನೊಂದರಿಂದ ಹಿಡಿದು ಪ್ರಾರ್ಥನೆಯವರೆಗೆ. ಅವರು ತಲೆದೂಗಿ ಕೇಳಿದರು, ಸಹಿ ಹಾಕಿದರು. ಕರಡನ್ನು ನಾನು ಅವತ್ತೇ ಚೂರು ಮಾಡಿ ಒಲೆಗೆ ಹಾಕಿದೆ.

ಉತ್ತರ ಒಪ್ಪಿಗೆಯಾಯಿತು. ನಾನೂರ ಮೂರು ಬೆಡ್‌ಶೀಟನ್ನು ದಾಸ್ತಾನಿನಿಂದ ತೆಗೆದರು, ಒಗೆತದ ಹಳೆಯ ಪುಸ್ತಕಗಳು ರದ್ದಿ ಕಾಗದದ ಜೊತೆ ಹೋದವು. ಚಿಕ್ಕಪ್ಪ ದಿನಾ ಕಾದರು. "ಯಾರೂ ಕರೀಲಿಲ್ಲವಲ್ಲ, ಓದಿದಾರೋ ಇಲ್ವೋ," ಅನ್ನುವರು. "ಸರ್ಕಾರ ನಿಧಾನ ಚಿಕ್ಕಪ್ಪ" ಅನ್ನುವೆ. ನಿವೃತ್ತಿಯ ದಿನ ದೊಡ್ಡ ಡಾಕ್ಟರು ಒಂದು ಗೋಡೆ ಗಡಿಯಾರ ಕೊಟ್ಟು ಇವರ ಪ್ರಾಮಾಣಿಕತೆಯ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಇವರು ನಾಚಿಕೊಂಡು ನೆಲ ನೋಡುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟಿದೆ.

ಮುಂದಿನ ವರ್ಷ ನಮ್ಮದು ಬಾಡಿಗೆಯ ಒಂದು ಕೋಣೆ, ಮೇಲೆ ತಾರಸಿ. ಅದು ನನ್ನ ಬದುಕಿನಲ್ಲೇ ಒಳ್ಳೆಯ ವರ್ಷ. ತಾರಸಿಯಲ್ಲಿ ಅವರು ತಂತಿ ಕಟ್ಟಿ ಇಡೀ ಕಟ್ಟಡದವರ ಬಟ್ಟೆ ಒಣಗಿಸುವ ಬಗ್ಗೆ ಉಪದೇಶ ಕೊಡುವರು. ಕೆಳಮನೆಯವರ ಅಂಗಿಯ ಕಾಲರು ನೋಡಿ, "ಇದು ಒಗೆದಿದ್ದಲ್ಲ, ಒದ್ದೆ ಮಾಡಿದ್ದು" ಅನ್ನುವರು. ಸಂಜೆ ನನ್ನ ಕಾಲಿಗೆ ಬಿಸಿನೀರು ಕಾಯಿಸಿಡುವರು, ಜಗುಲಿಯ ಕಥೆ ಕೇಳುವರು. ನಾನು ಸರಿಯಾದದ್ದನ್ನೇ ಮಾಡಿದೆ ಅಂತ ಪ್ರತಿ ಸಂಜೆ ಅಂದುಕೊಳ್ಳುತ್ತಿದ್ದೆ. ಆ ಸಂಜೆಗಳು ಈಗಲೂ ಬೇಕು ಅನ್ನಿಸುತ್ತವೆ.

ದರ್ಜಿಯಮ್ಮನಂಥವರ ಅರ್ಜಿಗಳು ಸೇರಿ ಸೇರಿ ಕೊನೆಗೆ ಸರ್ಕಾರ ಒಬ್ಬ ನಿವೃತ್ತ ನ್ಯಾಯಾಧೀಶರ ಆಯೋಗ ಮಾಡಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಆದರೂ ಮಾಡಿತು. ದರ್ಜಿಯಮ್ಮ ಅಲ್ಲಿ ಹೇಳಿದಳಂತೆ, "ಲಾಂಡ್ರಿಯವರನ್ನ ಕೇಳಿ. ಎಷ್ಟು ಜನ ಹೋದರು ಅಂತ ಅವರಿಗೆ ಗೊತ್ತು." ಚಿಕ್ಕಪ್ಪನಿಗೆ ಕರೆ ಬಂತು. ಇಸ್ತ್ರಿ ಅಂಗಿ ಹಾಕಿಕೊಂಡು ಮಗುವಿನ ಹಾಗೆ ಹೊರಟರು. ಹೋಗಬೇಡಿ ಅನ್ನಲು ನನ್ನ ಹತ್ತಿರ ಕಾರಣವಿರಲಿಲ್ಲ. ಇದ್ದ ಒಂದೇ ಕಾರಣ ಬಾಯಿಗೆ ಬರಲಿಲ್ಲ. ನಾನೂ ಜೊತೆಗೆ ಹೋಗಿ ಹಿಂದೆ ಕೂತೆ.

ಅವರು ನಿಂತು ಎಲ್ಲ ಹೇಳಿದರು. ಮುನ್ನೂರ ತೊಂಬತ್ತೆರಡು, ಒಂದು ಹೆಣಕ್ಕೆ ಒಂದು. "ನಾನು ಆಗಲೇ ಬರೆದು ಕೊಟ್ಟಿದ್ದೀನಿ ಸ್ವಾಮಿ, ತೆಗೆಸಿ ನೋಡಿ" ಅಂದರು. ಸರ್ಕಾರದ ವಕೀಲರು ಆ ಕಾಗದ ತೆಗೆಸಿಯೇ ಬಂದಿದ್ದರು. ಎರಡು ಸಾಲು ಗಟ್ಟಿಯಾಗಿ ಓದಿದರು.

"ಸಹಿ ನಿಮ್ಮದೇನಾ?"

ಚಿಕ್ಕಪ್ಪ ಕಾಗದವನ್ನು ಹತ್ತಿರ ತಂದು ಒಂದೊಂದೇ ಅಕ್ಷರ ಕೂಡಿಸಿದರು. ತುಂಬ ಹೊತ್ತು ಹಿಡಿಯಿತು. ಆಮೇಲೆ ಹಿಂದಕ್ಕೆ ತಿರುಗಿ ಒಮ್ಮೆ ನನ್ನನ್ನು ನೋಡಿದರು.

"ನನ್ನದೇ."

"ಹಾಗಾದರೆ ಸುಳ್ಳು ಹೇಳಿದ್ದು ಆಗಲೋ, ಈಗಲೋ?"

"ಆಗ, ಸ್ವಾಮಿ. ಕೆಲಸ ಹೋಗುತ್ತೆ ಅಂತ ಹೆದರಿದ್ದೆ."

ನಾನು ಎದ್ದು ನಿಲ್ಲಬಹುದಿತ್ತು. ಬರೆದದ್ದು ನಾನು ಅನ್ನಬಹುದಿತ್ತು. ಗುಮಾಸ್ತರನ್ನೆಲ್ಲ ಗದರಿಸುವ ನಾನು ಕೂತಲ್ಲೇ ಕೂತಿದ್ದೆ. ಮೂರನೆಯ ಸಾಲಿನಲ್ಲಿದ್ದ ದರ್ಜಿಯಮ್ಮ ಚಿಕ್ಕಪ್ಪನ ಕಡೆಯಿಂದ ಮುಖ ತಿರುಗಿಸಿಕೊಂಡಳು.

ದಾರಿಯಲ್ಲಿ ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. ಅರ್ಧ ದಾರಿ ಬಂದ ಮೇಲೆ, "ಎಷ್ಟು ಚೆನ್ನಾಗಿ ಓದಿ ಹೇಳಿದ್ದೆ ಅವತ್ತು," ಅಂದರು. ಮನೆಯ ಮೆಟ್ಟಿಲ ಹತ್ತಿರ ನಾನು ಅಳಲು ಶುರುಮಾಡಿದಾಗ ಬೆನ್ನ ಮೇಲೆ ಕೈಯಿಟ್ಟರು.

"ನನ್ನ ಸಲುವಾಗಿ ತಾನೇ ಮಾಡಿದ್ದು, ಬಿಡು. ಆ ಹೆಂಗಸಿನ ಮುಖ ನೋಡೋಕಾಗ್ಲಿಲ್ಲ ಕಣೇ, ಅಷ್ಟೇ."

ಮತ್ತೆ ಆ ವಿಷಯ ಎತ್ತಲಿಲ್ಲ. ಎಂಟು ತಿಂಗಳ ಮೇಲೆ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅವರ ಪಿಂಚಣಿಯ ಕಾಗದಗಳಲ್ಲಿ ಒಂದು ಕಪ್ಪು ಚುಕ್ಕೆಯೂ ಇಲ್ಲ. ನಾನು ಉಳಿಸಿಕೊಟ್ಟದ್ದು ಅದನ್ನು.

ಆಯೋಗದ ವರದಿ ಅದಾದ ಮೇಲೆ ಬಂತು. ಕಚೇರಿಯ ಜಗುಲಿಯಲ್ಲೇ ಕೂತು ಓದಿದೆ. ನೂರ ಹನ್ನೆರಡನ್ನು ನೂರ ಮೂವತ್ತು ಮಾಡಿದ್ದರು. ಎಂಬತ್ತೇಳನೆಯ ಪುಟದಲ್ಲಿ ಚಿಕ್ಕಪ್ಪ ಇದ್ದರು, ಒಂದೇ ವಾಕ್ಯದಲ್ಲಿ: ಲಾಂಡ್ರಿ ನೌಕರನ ಹೇಳಿಕೆ ಆತನೇ ಹಿಂದೆ ಸಹಿ ಮಾಡಿಕೊಟ್ಟ ವಿವರಣೆಗೆ ವಿರುದ್ಧವಾಗಿರುವುದರಿಂದ ಪರಿಗಣಿಸಿಲ್ಲ. ಸರ್ಕಾರವನ್ನು ಬೈಯಲು ಬಾಯಿ ತೆರೆದೆ, ಅಭ್ಯಾಸಬಲ. ಬೈಗುಳ ಹೊರಡಲಿಲ್ಲ. ಮುಚ್ಚಿದ ಬಾಗಿಲಿಗೆ ಚಿಲಕ ಹಾಕಿದವಳು ನಾನೇ ಆಗಿದ್ದೆ.

ಮೇಜು ಎತ್ತಿಟ್ಟು ನೇರ ದರ್ಜಿಯಮ್ಮನ ಕೋಣೆಗೆ ಹೋದೆ. ಅವಳು ಒಂದು ಕಿಟಕಿ ಪರದೆ ಹೊಲಿಯುತ್ತಿದ್ದಳು. ಅವಳೂ ವರದಿ ಓದಿಸಿಕೊಂಡಿದ್ದಳು. ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದೆ, ಸ್ಟೋರ್ ಕೀಪರ್ ಬಂದದ್ದರಿಂದ ಒಲೆಗೆ ಹಾಕಿದ ಕರಡಿನವರೆಗೆ. ಮಷೀನು ನಿಂತಿತು. ಅವಳು ಸೂಜಿಯ ಕೆಳಗಿನ ಬಟ್ಟೆಯನ್ನೇ ನೋಡುತ್ತಿದ್ದಳು.

"ನನ್ನ ಒಂಬತ್ತು ಅರ್ಜಿ ಬರೆದಿದ್ದೂ ನೀವೇ ಅಲ್ವಾ ಅಕ್ಕ?"

"ನಾನೇ."

"ಅವರ ಮೇಲೆ ಕೋಪ ಮಾಡ್ಕೊಂಡು ಸಾವಿಗೂ ಬರಲಿಲ್ಲ ನಾನು."

ಅವಳು ಎದ್ದು, ಪರದೆಯನ್ನು ಪಕ್ಕಕ್ಕೆ ಸರಿಸಿ, ಅಳತೆ ಬರೆಯುವ ಪುಸ್ತಕದಿಂದ ಒಂದು ಹಾಳೆ ಹರಿದು ಮೇಜಿನ ಮೇಲಿಟ್ಟಳು.

"ಅವರು ಹೇಳಿದ್ದು ನೆನಪಿದೆಯಾ?"

ಒಂದಕ್ಷರ ಬಿಡದೆ ನೆನಪಿತ್ತು. ಬರೆದೆ, ಹನ್ನೊಂದರಿಂದ ಪ್ರಾರ್ಥನೆಯವರೆಗೆ. ಅದರ ಕೆಳಗೆ, ಹಿಂದಿನ ಸುಳ್ಳನ್ನು ಅವರಿಗೆ ತಿಳಿಯದಂತೆ ಬರೆದು ಸಹಿ ಹಾಕಿಸಿಕೊಂಡವಳು ನಾನು ಅಂತಲೂ ಬರೆದೆ. ಇದು ಹೋದರೆ ಜಗುಲಿಯಲ್ಲಿ ನನ್ನ ಮೇಜು ಉಳಿಯುವುದಿಲ್ಲ ಅಂತ ಗೊತ್ತಿತ್ತು. ಅವಳು ಹಾಳೆ ತಿರುಗಿಸಿಕೊಂಡು, ತುಟಿ ಆಡಿಸುತ್ತಾ, ತಾನೇ ಓದಿದಳು. ಮುನ್ನೂರ ತೊಂಬತ್ತೆರಡು ಅನ್ನುವಲ್ಲಿ ಬೆರಳು ನಿಂತಿತು.

"ನಮ್ಮವರು ಇದರಲ್ಲಿ ಇದಾರಾ?"

"ಇದಾರೆ."

ಅವಳು ಹಾಳೆಯನ್ನು ನನ್ನ ಕಡೆ ತಳ್ಳಿದಳು. "ಹೆಸರು ಹಾಕಿ ಅಕ್ಕ," ಅಂದಳು. "ಈ ಸಲ ನಿಮ್ಮದು."